ದಾಜಿಯ ಎರಡನೇ ವಿಂಡೋಸ್

ನಮ್ಮ ದಾಜಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಅಕ್ಕನ ಗಂಡನಿಗೆ ನಮ್ಮ ಕಡೆ ದಾಜಿ ಅನ್ನುತ್ತೇವೆ. ಅವರ ಹೆಸರು ಬಾಪೂಸಾಹೇಬ. ಸಾಂಗಲಿಯ ಅರಿಶಿಣ ಪೇಟೆಯಲ್ಲಿ ಅವರದು ಅಡತಿ ಅಂಗಡಿ, ಅಂದರೆ ದಲಾಲಿ ವ್ಯಾಪಾರ. ಅಕ್ಕಪಕ್ಕದ ವ್ಯಾಪಾರಿಗಳೆಲ್ಲ ಕಂತಿನ ಮೇಲೆ ಕಾರು ತಂದು ಬಾಗಿಲ ಮುಂದೆ ನಿಲ್ಲಿಸಿ, ಅದಕ್ಕೆ ನಿಂಬೆಹಣ್ಣು ಕಟ್ಟುತ್ತಿದ್ದ ಕಾಲದಲ್ಲೂ ಇವರು ಸೈಕಲ್ ತುಳಿಯುತ್ತ ಪೇಟೆಗೆ ಹೋಗುತ್ತಿದ್ದರು. ಹರೆಯದಲ್ಲಿ ಒಮ್ಮೆ ಅಂಕಲಿ ಸೇತುವೆಯ ಹತ್ತಿರ ಸ್ಕೂಟರಿನಿಂದ ಬಿದ್ದಿದ್ದರಂತೆ. ಬಿದ್ದದ್ದು ಹುಲ್ಲಿನ ಮೇಲೆ, ಹರಿದದ್ದು ಅಂಗಿ. ಆದರೂ ಆಮೇಲೆ ಹ್ಯಾಂಡಲ್ ಮುಟ್ಟಿದವರಲ್ಲ.

ಅಂಥವರು ಕಂಪ್ಯೂಟರಿನಲ್ಲಿ ಕಾರು ಓಡಿಸುವುದನ್ನು ನೋಡಬೇಕಿತ್ತು. ಕಂಪ್ಯೂಟರ್ ತಂದದ್ದೇನೋ ಅಂಗಡಿಯ ಲೆಕ್ಕಕ್ಕೆ. ಪೇಟೆಯಲ್ಲಿ ಇಟ್ಟರೆ ಅರಿಶಿಣದ ದೂಳು ತುಂಬುತ್ತದೆ ಅಂತ ಮನೆಯ ಪಡಸಾಲೆಯಲ್ಲಿ ಇಟ್ಟರು. ಮಧ್ಯಾಹ್ನ ಊಟಕ್ಕೆ ಬಂದವರು ಲೆಕ್ಕ ಮುಗಿಸಿ ರೇಸಿನ ಆಟಕ್ಕೆ ಕೂಡುತ್ತಿದ್ದರು. ಪರದೆಯ ಮೇಲಿನ ಕಾರು ಎಡಕ್ಕೆ ತಿರುಗಿದರೆ ದಾಜಿಯೂ ಎಡಕ್ಕೆ ವಾಲುವರು, ಬಲಕ್ಕೆ ತಿರುಗಿದರೆ ಬಲಕ್ಕೆ. ಎದುರಿಗೆ ಲಾರಿ ಬಂದರೆ ಕಾಲು ನೆಲವನ್ನು ಒತ್ತುತ್ತಿತ್ತು. ಅಡಿಗೆಮನೆಯಿಂದ ನಮ್ಮಕ್ಕ ಅಲಕಾ, ಸಾವಕಾಶ ಹೊಡೀರಿ, ಖುರ್ಚಿ ಪಲ್ಟಿ ಆದೀತು ಅನ್ನುವಳು. ನಾನು ಬುಧಗಾಂವದಿಂದ ಬಸ್ಸಿನಲ್ಲಿ ಬಂದಾಗಲೆಲ್ಲ ಇದೇ ತಮಾಷೆ. ಐವತ್ತು ದಾಟಿದ ಗಂಡಸು ಹೀಗೆ ಸಂತೋಷಪಡುವುದನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಒಂದು ಮಳೆಗಾಲದಲ್ಲಿ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಮಿರಜಿನಲ್ಲಿ ಆಪರೇಶನ್ ಅಂತ ನಿಶ್ಚಯವಾಯಿತು. ಆ ವರ್ಷ ಚಾತುರ್ಮಾಸಕ್ಕೆ ಮುನಿ ಮಹಾರಾಜರೊಬ್ಬರು ಕಸಬೆ ಡಿಗ್ರಜದಲ್ಲಿ ನಿಂತಿದ್ದರು. ದಾಜಿ ಹೋಗಿ ಅವರ ಮುಂದೆ ತೆಂಗಿನಕಾಯಿ ಇಟ್ಟು, ಕೈ ಎತ್ತಿ ನಿಯಮ ತೆಗೆದುಕೊಂಡರು: ಅಲಕಾ ಗುಣವಾಗಿ ಮನೆಗೆ ಬಂದರೆ ಅಂಗಡಿ ಲೆಕ್ಕದ ಕಂಪ್ಯೂಟರಿನಲ್ಲಿ ಇನ್ನು ಆಟ ಆಡುವುದಿಲ್ಲ.

ನಿಯಮದ ಮಾತು ಸ್ವಲ್ಪ ಹೇಳಬೇಕು. ನಮ್ಮ ಜೈನರ ಮನೆಗಳಲ್ಲಿ ನಿಯಮ ಇಲ್ಲದವರಿಲ್ಲ. ಒಬ್ಬರು ಬಟಾಟೆ ಬಿಟ್ಟರೆ ಇನ್ನೊಬ್ಬರು ಹೊತ್ತು ಮುಳುಗಿದ ಮೇಲೆ ಊಟ ಬಿಡುತ್ತಾರೆ. ಆದರೆ ಪ್ರತಿಯೊಂದಕ್ಕೂ ಒಂದು ಗಡಿ ಇರುತ್ತದೆ, ಎಲ್ಲಿಂದ ಎಲ್ಲಿಯವರೆಗೆ ಅಂತ. ವ್ಯಾಪಾರಿಗಳಾದ ನಮ್ಮವರು ಆ ಗಡಿಯ ಆಚೆ ಎಷ್ಟು ಜಾಗ ಉಳಿದಿದೆ ಎಂದು ಬಲು ಚೆನ್ನಾಗಿ ಬಲ್ಲರು. ನಮ್ಮ ಕಾಕಾ ಒಬ್ಬರು ಚಹಾ ಬಿಟ್ಟು ಜೀವನವಿಡೀ ಕಾಫಿ ಕುಡಿದರು. ಮನೆ ಹಿತ್ತಿಲ ಬದನೆಕಾಯಿ ಬಿಟ್ಟ ಅಜ್ಜಿ ಪಕ್ಕದ ಮನೆಯದನ್ನು ಬೇಡಿ ತರಿಸಿಕೊಳ್ಳುತ್ತಿದ್ದಳು. ಯಾರೂ ಇದನ್ನು ಮೋಸ ಅನ್ನುತ್ತಿರಲಿಲ್ಲ.

ಅಕ್ಕ ಗುಣವಾಗಿ ಮನೆಗೆ ಬಂದಳು. ಕಂಪ್ಯೂಟರ್ ರಿಪೇರಿಯ ದಿಲೀಪನನ್ನು ಕರೆಸಿ ದಾಜಿ ಆಟವನ್ನೆಲ್ಲ ಅಳಿಸಿದರು. ಆಮೇಲೆ ಮಧ್ಯಾಹ್ನ ಊಟ ಮಾಡಿ ಗೋಡೆ ನೋಡುತ್ತ ಕೂಡತೊಡಗಿದರು. ಅದನ್ನು ನೋಡಲಾರದೆ ದಿಲೀಪನೇ ದಾರಿ ತೋರಿಸಿದ. ಇದೇ ಮಶೀನಿನಲ್ಲಿ ಇನ್ನೊಂದು ವಿಂಡೋಸ್ ಹಾಕುತ್ತೇನೆ, ಶುರು ಮಾಡಿದಾಗ ಯಾವುದು ಬೇಕು ಅಂತ ಅದೇ ಕೇಳುತ್ತದೆ. ಹಳೆಯದರಲ್ಲಿ ಲೆಕ್ಕ, ಹೊಸದರಲ್ಲಿ ಆಟ, ಒಂದು ನಡೆಯುವಾಗ ಇನ್ನೊಂದು ಇರುವುದೇ ಇಲ್ಲ ಅಂದ. ಲೆಕ್ಕದ ಕಂಪ್ಯೂಟರ್ ಬೇರೆ, ಆಟದ್ದು ಬೇರೆ. ದಾಜಿಗೆ ಇದು ಕಾಕಾನ ಕಾಫಿಯಷ್ಟೇ ಶುದ್ಧವಾಗಿ ಕಂಡಿತು.

ಅಂದಿನಿಂದ ಬಟನ್ ಒತ್ತಿದೊಡನೆ ಕಪ್ಪು ಪರದೆಯ ಮೇಲೆ ಎರಡು ಸಾಲು ಮೂಡುತ್ತಿದ್ದವು. ಕೆಳಗೆ ಮೂವತ್ತರಿಂದ ಅಂಕಿ ಇಳಿಯುತ್ತಿತ್ತು. ಸುಮ್ಮನೆ ಕುಳಿತರೆ ಅದು ತಾನಾಗಿ ಲೆಕ್ಕಕ್ಕೆ ಹೋಗುತ್ತದೆ; ಬಾಣದ ಗುರುತಿನ ಕೀಲಿ ಒತ್ತಿ ಎಂಟರ್ ಹೊಡೆದರೆ ಆಟಕ್ಕೆ. ದಾಜಿ ಸದ್ದು ಬಂದ್ ಮಾಡಿ ಆಡುತ್ತಿದ್ದರು, ಯಾರಿಗೂ ತಿಳಿಯದಿರಲಿ ಅಂತ. ಎಡಕ್ಕೂ ಬಲಕ್ಕೂ ವಾಲುವ ಆ ಬೆನ್ನನ್ನು ಎಲ್ಲಿ ಬಚ್ಚಿಡುತ್ತಾರೆ? ಅಕ್ಕ ನನಗೆ ಕಣ್ಸನ್ನೆ ಮಾಡಿ ನಗುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಗಡ್ಡೆ ತಿರುಗಿ ಬಂತು.

ದಾಜಿಯ ಮುಖ ನೋಡಿದರೆ ತಿಳಿಯುತ್ತಿತ್ತು, ಇದು ತನ್ನಿಂದಲೇ ಆದದ್ದು ಅಂತ ಅವರು ತೀರ್ಮಾನಿಸಿದ್ದಾರೆ. ಪ್ರಾಯಶ್ಚಿತ್ತ ಕೇಳೋಣವೆಂದರೆ ಮಹಾರಾಜರು ಒಂದೂರಲ್ಲಿ ನಿಲ್ಲುವವರಲ್ಲ, ಚಾತುರ್ಮಾಸ ಮುಗಿಯುತ್ತಲೇ ನಡೆದುಬಿಟ್ಟಿದ್ದರು. ವಿಚಾರಿಸುತ್ತ ವಿಚಾರಿಸುತ್ತ ಬೇಡಗದಲ್ಲಿ ಇದ್ದಾರೆಂದು ಗೊತ್ತಾಯಿತು. ದಾಜಿಯ ಸ್ಥಿತಿ ನೋಡಿ ನಾನೂ ಜೊತೆಗೆ ಬಸ್ಸು ಹತ್ತಿದೆ.

ದಾಜಿ ಎರಡು ವಿಂಡೋಸಿನ ಕಥೆಯನ್ನು ಮೊದಲಿಂದ ಕೊನೆವರೆಗೆ ಹೇಳಿದರು. ಮಹಾರಾಜರು ನಗಲಿಲ್ಲ, ಸಿಟ್ಟೂ ಆಗಲಿಲ್ಲ.

"ಮಶೀನ ಎರಡಾದ್ರೂ ಆಡಾಂವ ಒಬ್ಬನs ಅಲ್ಲೇನಪಾ," ಅಂದರು. "ಆದ್ರ ಆಕಿ ಜಡ್ಡು ಆಕಿ ಕರ್ಮದ್ದು. ನಿನ್ನ ಆಟದಿಂದ ಬಂದಿಲ್ಲ. ನಿನ್ನ ನಿಯಮದಿಂದ ಹೋಗೂದೂ ಇಲ್ಲ."

ಇದನ್ನು ಕೇಳಿ ದಾಜಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ತಪ್ಪು ತನ್ನದಾಗಿದ್ದರೆ ತಿದ್ದಿಕೊಂಡು ಅಕ್ಕನನ್ನು ಉಳಿಸಿಕೊಳ್ಳಬಹುದಿತ್ತು. ತನ್ನದಲ್ಲ ಅಂದಮೇಲೆ ಮಾಡಲು ಏನು ಉಳಿಯಿತು? ಏನೂ ತೋಚದೆ ಅವರು ಮತ್ತೆ ಕೈ ಎತ್ತಿದರು. ಯಾವ ಕಂಪ್ಯೂಟರಿನಲ್ಲೂ, ಎಂದೆಂದಿಗೂ ಆಡುವುದಿಲ್ಲ. ಈ ಸಲ ಗಡಿಯನ್ನೇ ಇಡಲಿಲ್ಲ. ಬರುವಾಗ ಬಸ್ಸಿನಲ್ಲಿ ನನಗೆ ವಿಪರೀತ ಸಿಟ್ಟು ಬಂತು, ಯಾರ ಮೇಲೆ ಅಂತ ಮಾತ್ರ ತಿಳಿಯಲಿಲ್ಲ.

ಡಾಕ್ಟರರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದರು. ಹಾಗೆ ಅನ್ನುವುದರ ಅರ್ಥ ಎಲ್ಲರಿಗೂ ಗೊತ್ತು. ಗಾಳಿ ಬರಲಿ ಅಂತ ಅಕ್ಕನ ಮಂಚವನ್ನು ಪಡಸಾಲೆಯಲ್ಲಿ, ಕಂಪ್ಯೂಟರ್ ಮೇಜಿನ ಬಲಗಡೆಗೆ ಹಾಕಿದೆವು. ದಾಜಿ ಅಂಗಡಿಯನ್ನು ಗುಮಾಸ್ತನಿಗೆ ಬಿಟ್ಟು ಅಲ್ಲೇ ಕುರ್ಚಿಯಲ್ಲಿ ಇರುತ್ತಿದ್ದರು. ಗಳಿಗೆಗೊಮ್ಮೆ ಅವಳ ಮುಖ ನೋಡುವುದು, ನೀರು ಬೇಕೇನು ಅನ್ನುವುದು, ಮತ್ತೆ ನೋಡುವುದು.

ಒಂದು ಮಧ್ಯಾಹ್ನ ಅಕ್ಕ ಅಂದಳು, "ಆ ಗಾಡಿ ಆಟ ಹಚ್ಚ್ರಿ."

ದಾಜಿ ಕೇಳಿಸದವರಂತೆ ಚಾದರ ಸರಿಮಾಡಿದರು.

"ನೀವು ಗಾಡಿ ಹೊಡಿಯೂ ಮುಂದ ಮನಿ ಮನಿ ಹಂಗ ಇರ್ತಿತ್ತು. ಈಗ ನನ್ನ ಮಾರಿ ನೋಡ್ಕೋತ ಕುಂದರ್ತೀರಿ. ನಂಗ ಅಂಜಿಕಿ ಬರ್ತೈತ್ರಿ."

"ಮಹಾರಾಜರ ಮುಂದ ಕೈ ಎತ್ತೀನಿ, ಅಲಕಾ," ಅಂದರು ದಾಜಿ. ಅವರ ದನಿ ಸಣ್ಣ ಹುಡುಗನ ದನಿ ಆಗಿತ್ತು. ಆಡಿದರೆ ನಿಯಮ ಹೋಯಿತು, ಆಡದಿದ್ದರೆ ಇವಳ ಕೊನೆಯ ಆಸೆ ಹೋಯಿತು. ನನ್ನ ಕಡೆ ನೋಡಿದರು. ಮಾತು ಕೊಟ್ಟವರಿಗೆ ಮಾತು ಮುರಿ ಅನ್ನಲು ನನಗೂ ಬಾಯಿ ಬರಲಿಲ್ಲ.

"ಬರೇ ಚಾಲೂ ಮಾಡ್ರಿ," ಅಂದಳು ಅಕ್ಕ.

ದಾಜಿ ಬಟನ್ ಒತ್ತಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. ಎರಡು ಸಾಲು ಮೂಡಿದವು. ಅಂಕಿ ಇಳಿಯತೊಡಗಿತು. ಇಪ್ಪತ್ತು ದಾಟಿತು, ಹತ್ತು ದಾಟಿತು. ದಾಜಿ ಕೈ ಎತ್ತಲೂ ಇಲ್ಲ, ಕಣ್ಣು ತೆಗೆಯಲೂ ಇಲ್ಲ. ಇನ್ನೇನು ಮುಗಿಯಿತು ಅನ್ನುವಾಗ ಮಂಚದ ಕಡೆಯಿಂದ ಒಂದು ಕೈ ಬಂತು. ಬಳೆಗಳು ಮೊಣಕೈವರೆಗೆ ಜಾರುವಷ್ಟು ಸೊರಗಿದ ಕೈ. ಅದು ತಡವರಿಸಿ ಬಾಣದ ಕೀಲಿಯನ್ನು, ಆಮೇಲೆ ಎಂಟರನ್ನು ಒತ್ತಿತು.

"ನಾ ಏನ ಕೈ ಎತ್ತಿಲ್ಲಲ್ಲ," ಅಂದಳು ಅಕ್ಕ.

ನಾನು ಮೇಜನ್ನು ಎಳೆದು ಮಂಚಕ್ಕೆ ಹಚ್ಚಿ, ಅವಳ ಬೆನ್ನಿಗೆ ದಿಂಬು ಕೊಟ್ಟೆ. ಅವಳು ಆಡಿದಳು. ಆಡಿದಳು ಅನ್ನುವುದು ದೊಡ್ಡ ಮಾತು. ಹೊರಟ ತಕ್ಷಣ ಗೋಡೆಗೆ ಗುದ್ದಿದಳು, ಹಿಂದೆ ಬರಲು ಹೋಗಿ ಕಂಬಕ್ಕೆ ಗುದ್ದಿದಳು. ದಾಜಿ ಸುಮ್ಮನಿರಲು ನೋಡಿದರು. ಆಗಲಿಲ್ಲ. ಎಡಕ್ಕ, ಎಡಕ್ಕ ತಿರಗಸು, ಬ್ರೇಕ್ ಒತ್ತು ಅನ್ನುತ್ತ ಕುರ್ಚಿಯಲ್ಲಿ ಎಡಕ್ಕೆ ವಾಲಿಬಿಟ್ಟರು. ಅಕ್ಕ ಪರದೆ ಬಿಟ್ಟು ಅವರನ್ನೇ ನೋಡಿದಳು. ಹೊಟ್ಟೆ ಹಿಡಿದುಕೊಂಡು, ನೋವಿಗೆ ಹಲ್ಲು ಕಚ್ಚಿ, ನಕ್ಕಳು. ಅತ್ತ ಕಾರು ತನ್ನಷ್ಟಕ್ಕೆ ಗೋಡೆ ಗುದ್ದುತ್ತಲೇ ಇತ್ತು.

ಎರಡನೇ ಸಲ ಆಡಲು ಅವಳಿಂದ ಆಗಲಿಲ್ಲ. ಆ ವರ್ಷದ ಹೊಸ ಅರಿಶಿಣದ ಫಸಲು ಪೇಟೆಗೆ ಬರುವ ಮೊದಲೇ ಹೋದಳು.

ದಾಜಿ ಮತ್ತೆ ಅಂಗಡಿಗೆ ಹೋಗತೊಡಗಿದರು. ಮಶೀನು ನಿಧಾನವಾಗಿದೆ, ಜಾಗ ಸಾಲುತ್ತಿಲ್ಲ, ಆ ಎರಡನೇ ವಿಂಡೋಸ್ ತೆಗೆದುಬಿಡೋಣ ಅಂತ ದಿಲೀಪ ಎರಡು ಮೂರು ಸಲ ಹೇಳಿದನಂತೆ. ದಾಜಿ ಒಪ್ಪಲಿಲ್ಲ. ಕೊನೆಗೆ ನಾನೇ ಕೇಳಿದೆ, ಆಡುವುದಂತೂ ಇಲ್ಲ, ಮತ್ತೆ ಯಾಕೆ ಇಟ್ಟುಕೊಂಡಿದ್ದೀರಿ ಅಂತ.

"ತಗದ್ರ ಅದು ಕೇಳೂದs ಇಲ್ಲ, ಅನುಜಾ," ಅಂದರು. "ಸೀದಾ ಲೆಕ್ಕಕ್ಕ ಹೋಗ್ತೈತಿ."

ನನಗೆ ಆಗ ಅರ್ಥವಾಗಲಿಲ್ಲ. ಮಧ್ಯಾಹ್ನ ಅವರು ಲೆಕ್ಕಕ್ಕೆ ಕೂತಾಗ ನೋಡಿದೆ. ಮಂಚವನ್ನು ಎಂದೋ ಒಳಗೆ ಒಯ್ದಿದ್ದರು, ಆದರೆ ಕುರ್ಚಿಯನ್ನು ಎಡಕ್ಕೆ ಸರಿಸಿ, ಬಲಗಡೆ ಜಾಗ ಬಿಟ್ಟು ಕೂತರು. ಬಟನ್ ಒತ್ತಿ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡರು. ಕಪ್ಪು ಪರದೆಯ ಮೇಲೆ ಎರಡು ಸಾಲು ಬಂದು ನಿಂತವು, ಅಂಕಿ ಇಳಿಯಿತು. ಅದು ಸೊನ್ನೆಗೆ ಬಂದು ಲೆಕ್ಕ ತೆರೆದುಕೊಳ್ಳುವವರೆಗೂ ದಾಜಿ ಬಾಣದ ಕೀಲಿಯನ್ನೇ ನೋಡುತ್ತಿದ್ದರು.