ಪಲ್ಪರಿನ ಒಳಗೋಡೆಯ ಇಸವಿಗಳು

“ಒಳಗಡೆ ಇರೋ ಆ ನಂಬರೆಲ್ಲ ಗ್ರೈಂಡ್ ಮಾಡಿಬಿಡಿ ದೇರಪ್ಪಣ್ಣ. ಮಧ್ಯಾಹ್ನ ಪಾರ್ಟಿ ಬರ್ತಾರೆ.”

ನಿತೇಶ್ ಹಾಗೆಂದಾಗ ದೇರಪ್ಪನವರು ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟರು. ಐವತ್ತೆಂಟು ವರ್ಷದ ಈ ಫಿಟ್ಟರ್‌ಗೆ ಸಿಟ್ಟು ಬಂದರೆ ಕೈ ನಿಧಾನವಾಗುತ್ತದೆ. ಜೊತೆಯವರೆಲ್ಲ ಅದನ್ನು ಬಲ್ಲರು. ಕಾರ್ಖಾನೆಯ ಮಾಲೀಕ ನಿತೇಶ್ ಮಾತ್ರ ಬಲ್ಲವನಲ್ಲ.

ಕುಶಾಲನಗರದ ಹೊರಗಿರುವ ಆ ಕಾರ್ಖಾನೆ ತಯಾರಿಸುವುದು ಪಲ್ಪರುಗಳನ್ನು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಗಳನ್ನು. ಎರಕದ ಕಬ್ಬಿಣದ ಚೌಕಟ್ಟು, ಅದರೊಳಗೆ ತಿರುಗುವ ಡ್ರಮ್, ಡ್ರಮ್ಮಿಗೆ ಸುತ್ತಿದ ಉಬ್ಬುಗಳ ತಾಮ್ರದ ತಗಡು. ಸವೆಯುವುದು ತಗಡು ಮತ್ತು ಬೇರಿಂಗು. ಚೌಕಟ್ಟು ಮೂರು ತಲೆಮಾರು ಬಾಳುತ್ತದೆ. ದೇರಪ್ಪನವರಿಗೆ ಹುದಿಕೇರಿಯಲ್ಲಿ ಕೆಲಸ ಕಲಿಸಿದ ಕೆಂಪಣ್ಣ ಮೇಸ್ತ್ರಿ, ತಗಡು ಬದಲಿಸಿದಾಗಲೆಲ್ಲ ಚೌಕಟ್ಟಿನ ಒಳಗೋಡೆಯಲ್ಲಿ ಆ ವರ್ಷದ ಇಸವಿಯನ್ನು ಉಳಿಯಿಂದ ಕೊರೆಯುತ್ತಿದ್ದರು. “ಮುಂದೆ ಬಿಚ್ಚೋನು ಯಾರೋ ಏನೋ, ಅವನಿಗೆ ನಾವು ಸುಳ್ಳು ಹೇಳ್ಬಾರ್ದು” ಎನ್ನುವುದು ಅವರ ಕಟ್ಟಳೆ. ದಕ್ಷಿಣ ಕೊಡಗಿನ ಹಳೆಯ ಫಿಟ್ಟರುಗಳೆಲ್ಲ ಅದನ್ನು ಪಾಲಿಸಿದವರು. ಒಂದು ಚೌಕಟ್ಟಿನಲ್ಲಿ ಐದು ಇಸವಿಗಳಿದ್ದರೆ ಅದು ಐದು ಸಲ ಹೊಸದಾಗಿದೆ ಎಂದು ಅರ್ಥ.

ಇಂಥ ಚೌಕಟ್ಟುಗಳನ್ನೇ ಕಾರ್ಖಾನೆ ‘ಹಳೆಯದು ಕೊಡಿ, ಹೊಸದು ಒಯ್ಯಿರಿ’ ಯೋಜನೆಯಲ್ಲಿ ಲಾರಿಗಟ್ಟಲೆ ತರಿಸುತ್ತಿತ್ತು. ತರಿಸಿ, ಸಮ್ಮಟಿಗೆಯಿಂದ ಒಡೆಸಿ, ಗುಜರಿಗೆ ಹಾಕುತ್ತಿತ್ತು. ಬೇರೆ ಯಾರೂ ರಿಪೇರಿ ಮಾಡಿ ಮಾರಬಾರದೆಂಬುದೇ ಒಡೆಸುವುದಕ್ಕೆ ಕಾರಣ. ಆ ಚೂರುಗಳು ದೂರದ ಕುಲುಮೆಯಲ್ಲಿ ಕರಗಿ, ಅದೇ ಆಕಾರದ ಚೌಕಟ್ಟುಗಳಾಗಿ ಇದೇ ಅಂಗಳಕ್ಕೆ ಮರಳುತ್ತಿದ್ದವು. ಇದಕ್ಕಿಂತ ನಾಚಿಕೆಗೆಟ್ಟ ಪ್ರಯಾಣ ಕಬ್ಬಿಣಕ್ಕೆ ಇನ್ನೊಂದಿರಲಾರದು. ಒಡೆಯುವ ದಿನ ದೇರಪ್ಪನವರು ರಜೆ ಹಾಕುತ್ತಿದ್ದರು.

ಎರಡು ವರ್ಷ ಅವರು ನಿತೇಶನ ಬೆನ್ನು ಬಿಡಲಿಲ್ಲ. ಒಡೆಯುವುದು ಬೇಡ, ಬಿಚ್ಚೋಣ; ಸವೆದದ್ದನ್ನಷ್ಟೇ ಬದಲಿಸೋಣ; ಮರುನಿರ್ಮಾಣವೆಂದು ಬಾಯಿಬಿಟ್ಟು ಹೇಳಿ, ಗ್ಯಾರಂಟಿ ಕೊಟ್ಟು, ಕಡಿಮೆ ಬೆಲೆಗೆ ಮಾರೋಣ. ಕೊನೆಗೆ ಈ ವರ್ಷ ಕಾಫಿ ಹಣ್ಣಿನ ಪಿಕಿಂಗ್ ಶುರುವಾಗುವ ಹೊತ್ತಿಗೆ ಹೊಸ ಎರಕ ಬರುವುದು ತಡವಾಗಿ, ನಿತೇಶ್ ಬೇರೆ ದಾರಿಯಿಲ್ಲದೆ ಒಪ್ಪಿದ. ದೇರಪ್ಪನವರು ಹನ್ನೆರಡು ಪಲ್ಪರುಗಳ ಇಸವಿಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಒಂದೊಂದಾಗಿ ಬಿಚ್ಚಿದರು, ಕಟ್ಟಿದರು. ಹಿಡಿ ಹಣ್ಣು ಸುರಿದು, ಒಂದು ಬೀಜಕ್ಕೂ ಗಾಯವಾಗದಷ್ಟು ಹದಕ್ಕೆ ತಂದರು. ಆಮೇಲೆ ಸರ್ವೀಸಿಗೆಂದು ಮೂರು ದಿನ ಕುಟ್ಟದ ಕಡೆ ಹೋದರು.

ಇಂದು ಬೆಳಿಗ್ಗೆ ಮರಳಿ ಬಂದಾಗ ಶೆಡ್ಡಿನಲ್ಲಿ ಉಳಿದದ್ದು ಒಂದೇ ಯಂತ್ರ.

“ಮಿಕ್ಕ ಹನ್ನೊಂದು?”

“ಹೋಗಿಯಾಯ್ತು. ಹೊಸ ಪೇಂಟ್, ಹೊಸ ನಂಬರ್ ಪ್ಲೇಟು. ಎಲ್ಲ ಹೊಸದರ ಲೆಕ್ಕದಲ್ಲೇ.”

“ಇಸವಿಗಳು?”

“ಉಜ್ಜಿಸಿದೆ. ಹಳೇದು ಅಂದ್ರೆ ಯಾರು ತಗಳ್ತಾರೆ ಅಣ್ಣ? ನೀವು ಹೇಳ್ದಂಗೇ ಮಾಡಿದೀನಲ್ಲ, ಒಂದೂ ಒಡೆಸಿಲ್ಲ.”

“ಒಡೆಸಿದ್ರೇ ಮರ್ಯಾದೆ ಇತ್ತು,” ಎಂದರು ದೇರಪ್ಪ.

ಮಧ್ಯಾಹ್ನ ಬಂದವರು ಹುದಿಕೇರಿ ಕಡೆಯ ಸಣ್ಣ ತೋಟದ ಶಕುಂತಲಮ್ಮ. ಯಂತ್ರವನ್ನು ಒಂದು ಸುತ್ತು ಹಾಕಿ, ನಿತೇಶನನ್ನು ಬಿಟ್ಟು ದೇರಪ್ಪನವರ ಕಡೆ ತಿರುಗಿದರು.

“ಹೊಸದೇನಾ ದೇರಪ್ಪ? ನೀನು ಹೂಂ ಅಂದ್ರೆ ಸಾಕು, ನಾನು ಬೇರೇನೂ ನೋಡಲ್ಲ.”

ಹೂಂ ಎಂದರೆ ಯಂತ್ರ ಹೋಗುತ್ತದೆ, ಕೆಲಸ ಉಳಿಯುತ್ತದೆ. ಇಲ್ಲ ಎಂದರೆ ಎರಡು ವರ್ಷ ಕಾಡಿ ಪಡೆದದ್ದು ಇಂದೇ ಮುಗಿಯುತ್ತದೆ, ಅಂಗಳಕ್ಕೆ ಸಮ್ಮಟಿಗೆ ಮರಳುತ್ತದೆ. ದೇರಪ್ಪನವರು ಮುಚ್ಚಳ ಕಳಚಿ, ಒಳಗೋಡೆಯ ಮೇಲೆ ಟಾರ್ಚ್ ಬಿಟ್ಟರು.

“ಓದಿ ಅಮ್ಮ. ಎಪ್ಪತ್ತೊಂಬತ್ತು, ತೊಂಬತ್ತೊಂದು, ಎರಡು ಸಾವಿರದ ಎಂಟು. ಕೆಳಗಿನದು ಈ ವರ್ಷದ್ದು, ನಾನು ಹೊಡೆದದ್ದು. ಹೊಸದಲ್ಲ. ಆದರೆ ಹೊಸದಕ್ಕಿಂತ ಚೆನ್ನಾಗಿ ಓಡ್ತದೆ.”

ಶಕುಂತಲಮ್ಮ ಓದಿದರು. ಆಮೇಲೆ ನಿತೇಶನನ್ನು ನೋಡಿದರು.

“ಹೊಸದರ ರೇಟ್ ಹೇಳಿದ್ಯಲ್ಲಪ್ಪ, ಮುಖ ಹಣ್ಣು ಕಾಫಿ ಹಂಗೆ ಕೆಂಪಾಗಲ್ವಾ ನಿಂಗೆ? ಹೋಗ್ಲಿ, ನಂಗೆ ಇದೇ ಬೇಕು. ಬಿಲ್ಲಲ್ಲಿ ‘ಹಳೆ ಬಾಡಿ, ಹೊಸ ಡ್ರಮ್’ ಅಂತ ಬರೆದುಕೊಡು.”

“ಹಂಗೆ ಬರೆಯೋಕಾಗಲ್ಲ ಅಮ್ಮ.”

“ಯಾಕೆ?”

ನಿತೇಶ್ ಬಿಲ್ ಪುಸ್ತಕ ಮುಚ್ಚಿ ಒಳಗಿಟ್ಟ. ಒಂದು ಬಿಲ್ಲಿನಲ್ಲಿ ನಿಜ ಬರೆದರೆ ಹನ್ನೊಂದು ಬಿಲ್ಲುಗಳ ಸುಳ್ಳು ಹೊರಬೀಳುತ್ತದೆ. ಶಕುಂತಲಮ್ಮ ಜೀಪು ಹತ್ತಿ ಹೋದರು. ಸುಳ್ಳು ಹೇಳಿದ ಹನ್ನೊಂದು ಯಂತ್ರಗಳು ಮಾರಾಟವಾಗಿದ್ದವು. ನಿಜ ಹೇಳಿದ ಒಂದು ಶೆಡ್ಡಿನಲ್ಲೇ ಉಳಿಯಿತು. ಸಂಜೆ ದೇರಪ್ಪನವರಿಗೆ ನಾಳೆಯಿಂದ ಬರಬೇಡಿ ಎನ್ನಲಾಯಿತು.

ಮನೆಯಲ್ಲಿ ಹೆಂಡತಿ ಬೊಳ್ಳಮ್ಮ ಮುಖ ನೋಡಿಯೇ ಕೇಳಿದರು: “ಕೆಲ್ಸ ಹೋತಾ?”

“ಹೋತ್. ಉಳಿ ಉಟ್ಟು,” ಎಂದರು ದೇರಪ್ಪ ಅರೆಭಾಷೆಯಲ್ಲಿ, ಉಳಿ ಇದೆಯಲ್ಲ ಎಂಬಂತೆ.

ಮರುವಾರ ಆ ಉಳಿ, ಸುತ್ತಿಗೆ ಮತ್ತು ಪುಸ್ತಕದೊಂದಿಗೆ ದೇರಪ್ಪನವರು ಹನ್ನೊಂದು ಯಂತ್ರಗಳನ್ನು ಹುಡುಕಿಕೊಂಡು ಬಸ್ಸು ಹತ್ತಿದರು. ಮೊದಲ ತೋಟದವರು ಕಾಫಿ ಕೊಟ್ಟು ನಿತೇಶನನ್ನು ಬೈದರು. ಎರಡನೆಯವರು ದೇರಪ್ಪನವರನ್ನೇ ಕಳ್ಳ ಎಂದರು. ಕಟ್ಟಿದ ಕೈ ಅವರದೇ ಆದ್ದರಿಂದ ಅವರು ತಲೆತಗ್ಗಿಸಿ ಕೇಳಿಸಿಕೊಂಡರು. ಮೂರನೆಯದು ಕುಟ್ಟದ ಹತ್ತಿರದ ಎಸ್ಟೇಟ್. ಅಲ್ಲಿ ಲೆಕ್ಕ ಬರೆಯುವ ರೈಟರ್ ಶಶಿಕುಮಾರ್ ಪಲ್ಪರಿಗೆ ಅಡ್ಡ ನಿಂತರು.

“ಹೊಸ ಮಿಷನ್ನಿಗೆ ಉಳಿ ಹಾಕ್ಲಿಕ್ಕೆ ನಿಮಗೆ ಯಾರು ಹೇಳಿದ್ದು?”

“ಒಳಗೆ ಕೈ ಹಾಕಿ ನೋಡಿ.”

ಶಶಿಕುಮಾರರ ಬೆರಳಿಗೆ ಒರಟು ಎರಕದ ನಡುವೆ ಅಂಗೈಯಗಲದ ನುಣ್ಣನೆಯ ಜಾಗ ಸಿಕ್ಕಿತು.

“ಅಲ್ಲಿ ನಾಲ್ಕು ಇಸವಿ ಇತ್ತು. ಉಜ್ಜಿದಾರೆ.”

ಚೌಕಟ್ಟಿನ ಕಾಲಿನ ಬಳಿಯ ಹಳೆಯ ವೆಲ್ಡಿಂಗ್ ಗುರುತಿನಿಂದ ಅದನ್ನು ಗುರುತಿಸಿ ದೇರಪ್ಪನವರು ಪುಸ್ತಕದಲ್ಲಿ ಅದರ ಇಸವಿಗಳಿದ್ದ ಪುಟ ತೆರೆದರು. ಶಶಿಕುಮಾರ್ ಫೋನ್ ತೆಗೆದು ನಿತೇಶನ ನಂಬರ್ ಹುಡುಕತೊಡಗಿದರು.

“ಮಾಡಿ,” ಎಂದರು ದೇರಪ್ಪ, ಉಳಿಯ ತುದಿಯನ್ನು ಕಬ್ಬಿಣಕ್ಕೆ ಊರುತ್ತ. “ಸ್ಪೀಕರ್ ಹಾಕಿ. ಹೊಡೆಯೋ ಸದ್ದು ಅವರಿಗೂ ಕೇಳ್ಲಿ.”