ಹರಿದ ಸ್ಪೀಕರಿನ ಗಿಟಾರು

ನರಸಿಂಹರಾಜಪುರದಲ್ಲಿ ಪ್ಯಾಂಟು ಚೆನ್ನಾಗಿರಬೇಕು ಅನ್ನುವವರು ಟೈಲರ್ ವೃಷಭೇಂದ್ರಪ್ಪನ ಅಂಗಡಿಗೆ ಹೋಗುತ್ತಿದ್ದರು. ಹೇಳಿದ ದಿನಕ್ಕೇ ಬೇಕು ಅನ್ನುವವರು ಬೇರೆ ಅಂಗಡಿ ನೋಡಿಕೊಳ್ಳುತ್ತಿದ್ದರು. ಈ ಮನುಷ್ಯನಿಗೆ ಗಿರಾಕಿಗಿಂತ ಗಿಟಾರು ದೊಡ್ಡದು. ಅವನ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸಿದವನು ನಾನು. ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಕಾದವರು ಬಹುವಚನ ಸೇರಿಸಿಕೊಂಡು ಓದಲಿ.

ಈ ಹುಚ್ಚು ಅಂಟಿದ್ದು ಎಪ್ಪತ್ತರ ದಶಕದಲ್ಲಿ. ಕೊಪ್ಪದ ಕಡೆಯ ಒಂದು ಕಾಫಿ ಎಸ್ಟೇಟಿನ ಮ್ಯಾನೇಜರಿಗೆ ಅಳತೆ ತೆಗೆಯಲು ಹೋದವನು, ಅಲ್ಲಿ ತಿರುಗುತ್ತಿದ್ದ ಇಂಗ್ಲಿಷ್ ರೆಕಾರ್ಡಿನ ಗಿಟಾರು ಕೇಳಿ, ಅಳತೆ ಮರೆತು ನಿಂತುಬಿಟ್ಟನಂತೆ. ಆ ಮ್ಯಾನೇಜರು ಊರು ಬಿಡುವಾಗ ತನ್ನ ಹಳೆಯ ಎಲೆಕ್ಟ್ರಿಕ್ ಗಿಟಾರನ್ನು ಇವನಿಗೇ ಕೊಟ್ಟು ಹೋದ. ಗಿಟಾರೇನೋ ಬಂತು, ಸದ್ದು ಹೊರಡಿಸುವ ಪೆಟ್ಟಿಗೆ ಎಲ್ಲಿ? ಅದನ್ನು ಮಾಡಿಕೊಟ್ಟವನು ಜಯಪುರದ ಮೈಕ್‌ಸೆಟ್ ಸುಬ್ಬಪ್ಪ. ಹಲಸಿನ ಹಲಗೆ, ಹಳೆಯ ರೇಡಿಯೋದ ವಾಲ್ವು, ಎಲ್ಲಿಂದಲೋ ಹೊಂದಿಸಿದ ದೊಡ್ಡದೊಂದು ಸ್ಪೀಕರು. ಅಂದಿನಿಂದ ಇಬ್ಬರೂ ಜೀವದ ಗೆಳೆಯರು.

ಆರ್ಕೆಸ್ಟ್ರಾ ಕಟ್ಟಿದ ಮೊದಲ ವರ್ಷವೇ, ಹರಿಹರಪುರದಲ್ಲಿ ಗಣಪತಿ ಕಾರ್ಯಕ್ರಮಕ್ಕೆ ಹೋಗುವಾಗ, ಪೆಟ್ಟಿಗೆ ಬಸ್ಸಿನ ಟಾಪಿನಿಂದ ಬಿದ್ದು ಸ್ಪೀಕರಿನೊಳಗೆ ಅದುರಿ ಸದ್ದು ಹೊರಡಿಸುವ ಕಾಗದ ಹರಿಯಿತು. ಆವತ್ತು ತಂತಿ ಮೀಟಿದರೆ ಸ್ವರದ ಜೊತೆಗೇ ಒಂದು ಗುಟುರು. ನಾವೆಲ್ಲ ಮುಖ ಮುಖ ನೋಡಿಕೊಂಡೆವು. ವೃಷಭೇಂದ್ರಪ್ಪನ ಮುಖ ಮಾತ್ರ ಅರಳಿತು. ಆ ಇಂಗ್ಲಿಷ್ ರೆಕಾರ್ಡಿನಲ್ಲಿ ಕೇಳಿದ್ದು ಇದೇ ಸದ್ದಂತೆ. ಆಮೇಲೆ ಸುಬ್ಬಪ್ಪ ಎಷ್ಟು ಸಲ ರಿಪೇರಿ ಮಾಡಿಕೊಡುತ್ತೇನೆ ಅಂದರೂ ಇವನದು ಒಂದೇ ಮಾತು, "ಇರ್ಲಿ ಬಿಡು ಮಾರಾಯ." ತನಗೆ ಬೇಸರವಾಗದಿರಲಿ ಅಂತ ಗೆಳೆಯ ಸಹಿಸಿಕೊಂಡಿದ್ದಾನೆ ಎಂದೇ ಸುಬ್ಬಪ್ಪ ತಿಳಿದಿದ್ದ. ಆರ್ಕೆಸ್ಟ್ರಾದಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಅವನೊಬ್ಬನಿಗೆ ಗೊತ್ತಿರಲಿಲ್ಲ.

ಎರಡು ಸಾವಿರದ ನಾಲ್ಕರ ಹೊತ್ತಿಗೆ ನಮ್ಮ ಆರ್ಕೆಸ್ಟ್ರಾವನ್ನು ಕೇಳುವವರಿರಲಿಲ್ಲ. ಮದುವೆಮನೆಗಳಲ್ಲಿ ಸೀಡಿ ಬಂದಾಗಿತ್ತು. ಅರವತ್ತು ತುಂಬಿದ ವೃಷಭೇಂದ್ರಪ್ಪ ಆಗ ಆಲ್ಬಮ್ ಮಾಡಲು ಹೊರಟ.

"ಇಷ್ಟು ವರ್ಷ ಸಿನಿಮಾದವರದ್ದು ಬಾರಿಸ್ದೆ. ಇನ್ನು ನಂದು," ಅಂದ.

"ಅದನ್ನ ಯಾರು ಕೊಳ್ತಾರೆ?" ಎಂದು ಹೆಂಡತಿ ವೀರಮ್ಮ ಕೇಳಿದಳು.

"ಕೊಳ್ಳೋರಿಗೆ ಪ್ಯಾಂಟ್ ಹೊಲಿತೀನಲ್ಲ. ಇದು ಕೊಳ್ಳೋರಿಗಲ್ಲ."

ಕೊಪ್ಪದಲ್ಲಿ ಮಹೇಶ್ವರ ಎಂಬ ಹುಡುಗ ಕಂಪ್ಯೂಟರ್ ಇಟ್ಟುಕೊಂಡು ಹೊಸದಾಗಿ ಸ್ಟುಡಿಯೋ ತೆರೆದಿದ್ದ. ಭಜನೆ, ಚುನಾವಣೆಯ ಪ್ರಚಾರ ಅವನ ಕಸುಬು. ನಾಲ್ಕು ಸಾಲು ಭಕ್ತಿಗೀತೆ ಸೇರಿಸಿದರೆ ಶೃಂಗೇರಿಯ ಅಂಗಡಿಗಳಲ್ಲಾದರೂ ಓಡುತ್ತದೆ ಅಂತ ಪಾಪ, ಒಳ್ಳೆಯದಕ್ಕೇ ಹೇಳಿದ. ಹಾಡೇ ಇಲ್ಲ, ಗಿಟಾರು, ಹಿಂದೆ ನನ್ನ ಡ್ರಮ್ಸ್, ಅಷ್ಟೇ ಎಂದು ಇವನು ಪಟ್ಟು ಹಿಡಿದ. ವರ್ಷವಿಡೀ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲು ಅಭ್ಯಾಸ. ಕತ್ತರಿ ಹಿಡಿದು ಮರಗಟ್ಟಿದ ಬೆರಳನ್ನು ಬಿಸಿನೀರಿನಲ್ಲಿ ಅದ್ದಿ ಅದ್ದಿ ಬಾರಿಸುತ್ತಿದ್ದ. ಈ ವಯಸ್ಸಿನಲ್ಲಿ ಇಷ್ಟು ಹಟ ಯಾಕೆ ಅಂತ ನಾನೇ ಬೈದಿದ್ದೇನೆ. ಕೇಳಿದರೆ ತಾನೆ.

ರೆಕಾರ್ಡಿಂಗಿನ ಮುನ್ನಾದಿನ ಸುಬ್ಬಪ್ಪ ಜೀಪು ತಂದು ಪೆಟ್ಟಿಗೆಯನ್ನು ತನ್ನ ಅಂಗಡಿಗೆ ಸಾಗಿಸಿದ. ಮಾರನೆಯ ದಿನ ಸ್ಟುಡಿಯೋಗೆ ತಂದಾಗ ಪೆಟ್ಟಿಗೆಗೆ ಹೊಸ ಪಾಲಿಶ್, ಮೂಲೆಗೆ ಕುಂಕುಮ. ಮದುವಣಗಿತ್ತಿಯನ್ನು ಕರೆತಂದವನ ಹಾಗೆ ನಗುತ್ತಾ ನಿಂತಿದ್ದ. ವೃಷಭೇಂದ್ರಪ್ಪ ಗಿಟಾರು ಜೋಡಿಸಿ ತಂತಿ ಎಳೆದ. ಸ್ವರ ತೊಳೆದಿಟ್ಟ ಲೋಟದ ಹಾಗೆ ಸ್ವಚ್ಛವಾಗಿ ಬಂತು. ಗುಟುರು ಇಲ್ಲ.

"ಹೊಸ ಕಾಗದ ಹಾಕ್ದೆ," ಅಂದ ಸುಬ್ಬಪ್ಪ. "ಆಲ್ಬಮ್ಮಿಗಾದ್ರೂ ಸರಿಯಾಗಿರ್ಲಿ ಅಂತ."

"ಹಳೇದು ಎಲ್ಲಿ?"

"ಬಚ್ಚಲ ಒಲೆಗೆ ಹೋಯ್ತು."

ವೃಷಭೇಂದ್ರಪ್ಪ ಸ್ಟೂಲಿನ ಮೇಲೆ ಕುಸಿದು ಕೂತ. ಅವನು ಅಷ್ಟು ಬಡವಾಗಿ ಕಂಡದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೆ ಮೆಲ್ಲಗೆ, "ಸುಬ್ಬಪ್ಪ, ನಂಗೆ ಆ ಹರಕು ಸದ್ದೇ ಬೇಕಿತ್ತು," ಅಂದ.

ಸುಬ್ಬಪ್ಪನ ನಗು ಹಾಗೇ ಆರಿಹೋಯಿತು. "ಎಂತ ಹೇಳ್ತೀಯ ಮಾರಾಯ? ಮೂವತ್ತು ವರ್ಷ ಆ ಸದ್ದು ಕೇಳಿದಾಗೆಲ್ಲ ನಾನು ಸ್ಟೇಜಿನ ಹಿಂದೆ ತಲೆ ತಗ್ಗಿಸ್ಕೊಂಡು ಕೂತಿದ್ದೀನಿ. ನನ್ ಕೆಲ್ಸ ನೋಡಿ ಜನ ನಗ್ತಾರೆ ಅಂತ."

ಮಹೇಶ್ವರ ತನ್ನ ಕಂಪ್ಯೂಟರಿನಲ್ಲೇ ಗುಟುರು ಸೇರಿಸಿ ಕೇಳಿಸಿದ. ಖಾರದ ಬದಲು ಬರೀ ಕೆಂಪು ಬಣ್ಣ ಬೆರೆಸಿದಂತಿತ್ತು. ಇನ್ನೊಂದು ದಿನ ನೋಡೋಣ ಎಂದು ನಾನಂದೆ.

"ಇಲ್ಲ, ಇವತ್ತೇ," ಅಂದ ವೃಷಭೇಂದ್ರಪ್ಪ. ಜೇಬಿನಿಂದ ಹೊಲಿಗೆ ಬಿಚ್ಚುವ ಬ್ಲೇಡು ತೆಗೆದು ಸೀದಾ ಪೆಟ್ಟಿಗೆಯ ಮುಂದೆ ಮಂಡಿಯೂರಿದ. ಬ್ಲೇಡು ಹಿಡಿದ ಕೈಯನ್ನು ಸ್ಪೀಕರಿನತ್ತ ಚಾಚಿದ.

ಸುಬ್ಬಪ್ಪ ಆ ಕೈ ಹಿಡಿದುಕೊಂಡ. "ನಿಂಗೆ ಆಗಲ್ಲ ಅದು, ಬಿಡು. ನೀ ಬಾರ್ಸು, ನಾ ಹರೀತೀನಿ."

ತಾನೇ ರಾತ್ರಿ ಕೂತು ಅಂಟಿಸಿದ ಹೊಸ ಕಾಗದಕ್ಕೆ ತಾನೇ ಬ್ಲೇಡು ಹಾಕಿದ. ಒಂದು ಗೆರೆ ಸೀಳಿ ಕಿವಿಗೊಟ್ಟ. ಸಾಲದು. ಇನ್ನೊಂದು. ಅದು ಹೆಚ್ಚಾಗಿ ಸದ್ದು ಒಡೆದುಹೋಯಿತು; ಅಂಟು ಹಚ್ಚಿ, ಒಣಗುವವರೆಗೆ ಕಾದು, ಮತ್ತೆ ಸೀಳಿದ. ವೃಷಭೇಂದ್ರಪ್ಪ ಬೇಸರಿಸದೆ ಅದೇ ಸ್ವರವನ್ನು ಮತ್ತೆ ಮತ್ತೆ ಬಾರಿಸುತ್ತಿದ್ದ. ಊಟದ ಹೊತ್ತು ಮೀರಿತು, ಇಬ್ಬರೂ ಏಳಲಿಲ್ಲ. ಕೊನೆಗೊಮ್ಮೆ ತಂತಿ ಗುಟುರು ಹಾಕಿದಾಗ, "ಇದೇ," ಎಂದು ಮೊದಲು ಹೇಳಿದವನು ಸುಬ್ಬಪ್ಪ.

ಸಂಜೆಯೊಳಗೆ ಆಲ್ಬಮ್ಮಿನ ಎಂಟೂ ರಚನೆ ಮುಗಿದವು. ಬೆರಳು ಬಿರಿದು ರಕ್ತ ಬಂದರೂ ವೃಷಭೇಂದ್ರಪ್ಪ ಒಂದನ್ನೂ ಅರ್ಧಕ್ಕೆ ನಿಲ್ಲಿಸಲಿಲ್ಲ. ನಾನು ಡ್ರಮ್ಸ್ ಬಿಚ್ಚುತ್ತಿದ್ದೆ. ಸುಬ್ಬಪ್ಪ ಪೆಟ್ಟಿಗೆಗೆ ಒರಗಿ ನೆಲದಲ್ಲೇ ಕೂತಿದ್ದ.

"ಇಷ್ಟ ಆಗಿತ್ತು ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ ಮಾರಾಯ," ಅಂದ.

ವೃಷಭೇಂದ್ರಪ್ಪ ತಲೆಯೆತ್ತದೆ ಗಿಟಾರಿನ ತಂತಿ ಒರೆಸುತ್ತಿದ್ದ. "ನಿನ್ ಪೆಟ್ಟಿಗೆ ಬಿಟ್ಟು ಬೇರೆ ಪೆಟ್ಟಿಗೇಲಿ ಒಂದಿನಾದ್ರೂ ಬಾರ್ಸಿದೀನೇನೋ?"

ಸುಬ್ಬಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ನನಗೂ ಕಣ್ಣೀರು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ.