ನೀವು ಈ ರೈಲಿನಲ್ಲಿದ್ದೀರಾ?

ನನ್ನ ಅತ್ತಿಗೆಗೆ ತಾಳ್ಮೆ ಎಷ್ಟು ಜಾಸ್ತಿಯೋ ನನಗೆ ಅಷ್ಟು ಕಮ್ಮಿ. ನನ್ನಣ್ಣ, ಅಂದರೆ ಅವರ ಗಂಡ, ದೂರದೂರಿಗೆ ಹೋಗುವ ರೈಲೊಂದರ ಅಡುಗೆ ಬೋಗಿಯಲ್ಲಿ ಅಡುಗೆಯವನು. ಆ ರೈಲು ನಮ್ಮ ಹಿತ್ತಿಲ ಗೋಡೆಯ ಪಕ್ಕದಲ್ಲೇ ಹೋಗುತ್ತದೆ, ಊರಲ್ಲಿ ಮಾತ್ರ ನಿಲ್ಲುವುದಿಲ್ಲ. ಗಂಡ ಹಿತ್ತಿಲವರೆಗೂ ಬರುತ್ತಾನೆ, ಮನೆಯೊಳಗೆ ಬರುವುದಿಲ್ಲ. ಎಂಥ ಸಂಸಾರ ನೋಡಿ!

ಅತ್ತಿಗೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲೇ ಹೊಲಿಗೆ ಯಂತ್ರವನ್ನು ಹಿಂದಿನ ಕಿಟಕಿಯ ಬಳಿಗೆ ಎಳೆದುಕೊಂಡರು. ಕೇಳಿದರೆ, "ಇಲ್ಲಿ ಬೆಳಕು ಚೆನ್ನಾಗಿದೆ" ಅಂದರು. ಬೆಳಕಂತೆ ಬೆಳಕು! ಮಿಕ್ಕಿದ ನೀಲಿ ಬಟ್ಟೆಯಲ್ಲಿ ಅಣ್ಣನಿಗೆ ಕೈ ಒರೆಸುವ ಚೌಕ ಹೊಲಿದು ಕೊಟ್ಟಿದ್ದರು. ತಿರುವಿನಲ್ಲಿ ರೈಲು ನಿಧಾನವಾದಾಗ ಅಣ್ಣ ಬಾಗಿಲಲ್ಲಿ ನಿಂತು ಅದನ್ನು ಬೀಸುತ್ತಿದ್ದ, ಅತ್ತಿಗೆ ಗೋಡೆಯ ಬಳಿ ಕೈ ಎತ್ತುತ್ತಿದ್ದರು. ಮುಂದಿನ ರಜೆಯವರೆಗೆ ಅಷ್ಟೇ ಇವರ ಭೇಟಿ.

ರೈಲು ಎಲ್ಲಿದೆ ಎಂದು ತೋರಿಸುವ ಆ್ಯಪ್ ಹಾಕಿಕೊಟ್ಟವಳು ನಾನೇ. ಆಮೇಲೆ ಒಲೆಯ ಮುಂದೆಯೂ ಅದೇ, ಗುಂಡಿ ಹೊಲಿಯುವಾಗಲೂ ಅದೇ.

"ನಿಮ್ಮಣ್ಣ ನದಿ ದಾಟಿದ್ರು ಕಣೇ."

"ಈಜ್ಕೊಂಡಾ?" ಅನ್ನುತ್ತಿದ್ದೆ.

ಮಗಳು ಹುಟ್ಟಿದಾಗಲೂ ಅಣ್ಣನಿಗೆ ರಜೆ ಸಿಗಲಿಲ್ಲ. ಜೊತೆಯ ಅಡುಗೆಯವನು ಕಾಯಿಲೆ ಬಿದ್ದಿದ್ದ. ಮುಂದಿನ ರಜೆಯ ಹೊತ್ತಿಗೆ ಕೂಸು ಮಗುಚಿಕೊಳ್ಳುತ್ತಿರುತ್ತದೆ. ನಾನು ಫೋಟೋ ಕಳಿಸಿದೆ, ಫೋನಿನಲ್ಲಿ ಮುಖವನ್ನೂ ತೋರಿಸಿದೆ.

"ಫೋಟೋ ನೋಡಿದ್ರೆ ಹೊಟ್ಟೆ ತುಂಬತ್ತೇನೇ?" ಅಂದ ಅಣ್ಣ. "ಗೋಡೆ ಹತ್ರ ಎತ್ತಿ ಹಿಡೀರಿ. ದೂರದಿಂದಾದ್ರೂ ಕಣ್ತುಂಬ ನೋಡ್ಕೋತೀನಿ."

ಅವನ ರೈಲು ಬರುವ ದಿನವೇ ಅತ್ತಿಗೆಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಹೊರಡುವಾಗ ಫೋನು ನೋಡಿದೆವು. ರೈಲು ಆಸ್ಪತ್ರೆಯ ಹಿಂಬದಿಯ ಸ್ಟೇಷನ್ನಿನಲ್ಲೇ ಇತ್ತು. ಅದಕ್ಕಿಂತ ಮೊದಲು ನಾವು ಗೋಡೆ ಮುಟ್ಟಬೇಕಿತ್ತು. ಓಡಿ ಆಟೋ ಹತ್ತಿದೆವು. ರಸ್ತೆಗೂ ಹಳಿಗೂ ನಡುವೆ ಉದ್ದಕ್ಕೂ ಗೋದಾಮುಗಳಿದ್ದುದರಿಂದ ರೈಲು ಕಣ್ಣಿಗೆ ಬೀಳುವಂತಿರಲಿಲ್ಲ. ಪರದೆಯ ಮೇಲಿನ ಚುಕ್ಕಿ ಮಾತ್ರ ನಮ್ಮ ಪಕ್ಕದಲ್ಲೇ ಮೆಲ್ಲಗೆ ಬರುತ್ತಿತ್ತು.

"ನಮ್ಮ ಜೊತೇಲೇ ಬರ್ತಿದಾರೆ ನೋಡು," ಅಂದರು ಅತ್ತಿಗೆ. ಅಂಥ ನಗುವನ್ನು ಆ ಮುಖದಲ್ಲಿ ನಾನು ಅದುವರೆಗೂ ಕಂಡಿರಲಿಲ್ಲ.

ಔಷಧಿ ಅಂಗಡಿಯ ಮುಂದೆ ಆಟೋ ನಿಂತಾಗ ಚುಕ್ಕಿಯೂ ನಿಂತಿತು. "ಪಾಪ, ಸಿಗ್ನಲ್ ಸಿಕ್ಕಿಲ್ಲ," ಎಂದು ನಾನು ಮಹಾ ಬುದ್ಧಿವಂತೆಯ ಹಾಗೆ ಹೇಳಿ, ಆರಾಮಾಗಿ ಇಳಿದು ಔಷಧಿ ತಂದೆ. ಹೊರಟೆವು, ಅದೂ ಹೊರಟಿತು. ಆಗಲಾದರೂ ನನ್ನ ತಲೆಗೆ ಹೊಳೆಯಬೇಡವೇ!

ನಮ್ಮ ಮನೆ ಹಳಿಯ ಆಚೆ ಬದಿಗೆ. ತಿರುವಿನ ಬಳಿ ರೈಲ್ವೆ ಗೇಟು ಮುಚ್ಚಿತ್ತು. "ಗೇಟ್ ತೆಗೀರೀ, ಮಗು ಇದೆ!" ಎಂದು ಕೂಗಿಕೊಂಡೆ. ಯಾರು ಕೇಳುತ್ತಾರೆ? ಅಷ್ಟರಲ್ಲಿ ರೈಲು ಬಂದೇ ಬಿಟ್ಟಿತು. ಅದೇ ರೈಲು.

ಅತ್ತಿಗೆ ಆಟೋದಿಂದ ಇಳಿದು ಎರಡೂ ಕೈಯಲ್ಲಿ ಮಗುವನ್ನು ಎತ್ತಿ ಹಿಡಿದರು. ಹಸಿ ಬಾಣಂತಿ ಬೇರೆ. ಅಡುಗೆ ಬೋಗಿಯ ಎರಡೂ ಬದಿಯ ಬಾಗಿಲು ತೆರೆದಿದ್ದವು. ಅಣ್ಣ ಆಚೆಯ ಬಾಗಿಲಲ್ಲಿ, ನಮಗೆ ಬೆನ್ನು ಹಾಕಿ ನಿಂತಿದ್ದ. ಮನೆಯ ಕಡೆ ಬಗ್ಗಿ, ಯಾರೂ ಇಲ್ಲದ ಗೋಡೆಗೆ ನೀಲಿ ಚೌಕ ಬೀಸುತ್ತಿದ್ದ.

"ಅಣ್ಣಾ! ಈ ಕಡೆ ತಿರುಗೋ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಗಾಲಿಗಳ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ.

ಗೇಟು ತೆರೆಯಿತು. ಪರದೆಯ ಮೇಲಿನ ರೈಲು ಮಾತ್ರ ನಮ್ಮ ಜೊತೆ ಗೇಟಿನಲ್ಲೇ ನಿಂತಿತ್ತು. ಫೋನು ಕಿತ್ತುಕೊಂಡು ನೋಡಿದೆ. 'ನೀವು ಈ ರೈಲಿನಲ್ಲಿದ್ದೀರಾ?' ಎಂಬ ಪ್ರಶ್ನೆಗೆ ಇವರು 'ಹೌದು' ಒತ್ತಿದ್ದರು. ಹೌದು ಅಂದಮೇಲೆ ಅದು ಫೋನು ಇರುವ ಕಡೆಯೇ ರೈಲನ್ನು ತೋರಿಸುತ್ತದೆ.

"ಯಾಕತ್ತಿಗೆ ಒತ್ತಿದ್ರಿ? ನೀವೆಲ್ಲಿ ರೈಲಲ್ಲಿದ್ರಿ?" ಎಂದು ರೇಗಿದೆ.

"ಅವರ ರೈಲು ಬಂದಾಗಲೆಲ್ಲ ಒತ್ತೋದು ಕಣೇ. ರೈಲು ಹೋದ್ಮೇಲೆ ಒತ್ತಿದ್ರೆ, ಅವರು ಸಂಜೆವರೆಗೂ ನಮ್ಮನೆ ಹಿಂದೆನೇ ಇದ್ದಂಗೆ ಕಾಣತ್ತೆ. ಇವತ್ತು ತಡ್ಕೊಳಕ್ಕಾಗ್ದೆ ಬೆಳಗ್ಗೆನೇ ಒತ್ಬಿಟ್ಟೆ."

ಫೋನನ್ನು ಅವರ ಕೈಗೇ ವಾಪಸ್ ಕೊಟ್ಟು, ಮಗುವನ್ನು ನಾನು ಎತ್ತಿಕೊಂಡೆ.

ಮನೆಯೊಳಗೆ ಕಾಲಿಡುವಷ್ಟರಲ್ಲಿ ಅಣ್ಣನ ಫೋನು ಬಂತು. "ಗೋಡೆ ಹತ್ರ ಯಾರೂ ಇರ್ಲಿಲ್ಲ. ಮಗು ಚೆನ್ನಾಗಿದೆ ತಾನೆ?"

"ಚೆನ್ನಾಗಿದೆ. ನಾವು ನಿಮ್ಮನ್ನ ನೋಡಿದ್ವಿ," ಅಂದರು ಅತ್ತಿಗೆ.

"ಎಲ್ಲಿಂದ?"

"ಗೇಟ್ ಹತ್ರ, ನಿಮ್ಮ ಬೆನ್ನ ಹಿಂದೆ. ಎತ್ತಿ ಹಿಡಿದಿದ್ದೆ."

ಅಣ್ಣ "ವಾಪಸ್ ಬರುವಾಗ ಎರಡೂ ಕಡೆ ನೋಡ್ತೀನಿ," ಅಂದ.

ಸಂಜೆ ಅತ್ತಿಗೆ ಯಂತ್ರದ ಮುಂದಿನ ಕುರ್ಚಿಯಲ್ಲಿ ಮಗುವಿಗೆ ಹಾಲೂಡಿಸುತ್ತಾ ಕೂತರು. ಫೋನು ಮತ್ತೆ ಅದನ್ನೇ ಕೇಳಿತು. ಬೆರಳು 'ಹೌದು' ಕಡೆಗೇ ಹೋಯಿತು, ನಿಂತಿತು, ಆಮೇಲೆ 'ಇಲ್ಲ' ಒತ್ತಿತು. ಚುಕ್ಕಿ ನಮ್ಮ ಹಿತ್ತಿಲಿನಿಂದ ಹಾರಿ, ಹೆಸರೂ ಕೇಳದ ಯಾವುದೋ ಊರಿನಾಚೆ ಓಡತೊಡಗಿತು.

ಅತ್ತಿಗೆ ಪರದೆಯನ್ನು ಮಗುವಿನ ಮುಖದ ಹತ್ತಿರ ಹಿಡಿದರು. "ನೋಡು ಕಂದ, ನಿಮ್ಮಪ್ಪ ನಿಜವಾಗ್ಲೂ ಇರೋದು ಅಷ್ಟು ದೂರ."